ಅಡಿಕೆಗೆ ಮಳೆಗೆ ಮೊದಲೇ ಮದ್ದು, ಅಪ್ಪನಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ಪತ್ರಿಕೆಗೆ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ತಿದ್ದಿ ಹಾಕಿ. ಈಗ ನಮ್ಮಲ್ಲಿ ನಾಲ್ಕು ಜನ ಸೇರಿದ ಕಡೆ ಮಾತು ಒಂದೇ, ಅಡಿಕೆಗೆ ಕೊಳೆರೋಗದ ಮದ್ದು ಬಿಡೋರು ಸಿಕ್ಕಿದ್ರಾ, ಮೈಲುತುತ್ತಿಗೆ (ಕಾಪರ್ ಸಲ್ಫೇಟ್) ಈ ಸಲ ರೇಟೆಷ್ಟು, ಮಳೆ ಹಿಡಿಯೋ ಮೊದಲು ಒಂದು ರೌಂಡ್ ಆಗ್ತದಾ ಅಂತ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು ಒಂದು ಕಿಲೋ ಸುಣ್ಣ, ಕೊಳೆ ಬಂದ ಮೇಲೆ ಬಿಟ್ರೆ ದೊಡ್ಡ ಪ್ರಯೋಜನ ಇಲ್ಲ ಅಂತ ಶಾಲೆಗೆ ಹೋಗೋ ಮಕ್ಕಳಿಗೂ ಗೊತ್ತು. ಕಳೆದ ವರ್ಷ ಬಿಟ್ಟಿದ್ದೇವಲ್ಲ ಈ ವರ್ಷ ಬೇಡ ಅಂತ ಯಾರೂ ಹೇಳೋದಿಲ್ಲ. ಅದೇ ಮನೆಯ ಜಗಲಿಯಲ್ಲಿ ಕೂತಿರೋ 76 ವರ್ಷದ ಅಪ್ಪನಿಗೂ ಮಳೆಗಾಲಕ್ಕೆ ಮೊದಲೇ ತೆಗೊಳ್ಳುವ ಫ್ಲೂ ಇಂಜೆಕ್ಷನ್ ಒಂದು ಉಂಟು ಅಂತ ನನಗೆ ಕಳೆದ ವರ್ಷದವರೆಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ.

ಗೊತ್ತಾದದ್ದು ಹೇಗೆ ಅಂದ್ರೆ, ಕಳೆದ ಜೂನಲ್ಲಿ ತಂಗಿ ಬೆಂಗ್ಳೂರಿಂದ ಮಗನನ್ನು ಕರ್ಕೊಂಡು ಬಂದಿದ್ಲು, ಹುಡುಗನಿಗೆ ಮೂಗು ಸೋರ್ತಾ ಇತ್ತು, ಆದ್ರೂ ಎರಡು ದಿನ ಅಜ್ಜನ ತೊಡೆ ಬಿಟ್ಟು ಇಳಿಯಲಿಲ್ಲ. ಅವರು ಹೋಗಿ ಎರಡು ದಿನಕ್ಕೆ ಅಪ್ಪನಿಗೆ ಜ್ವರ. ಅಮ್ಮ ಒಳ್ಳೆಮೆಣಸಿನ ಕಷಾಯ ಮಾಡಿದ್ರು, ನಾನು ಮೆಡಿಕಲ್‌ನಿಂದ ಪ್ಯಾರಾಸಿಟಮಾಲ್ ತಂದೆ, ಹೀಗೆ ನಾಲ್ಕು ದಿನ ಕಳೀತು. ಐದನೇ ದಿನ ಬೆಳಿಗ್ಗೆ ನೋಡಿದ್ರೆ ಅಪ್ಪ ಮಂಚದ ಅಂಚಲ್ಲಿ ಕೂತು ಎರಡೂ ಕೈ ಮೊಣಕಾಲಿಗೆ ಊರಿ ಉಸಿರು ಎಳೀತಿದ್ದಾರೆ, ಕಾಫಿ ಲೋಟ ಪಕ್ಕದಲ್ಲೇ ಕೆನೆಗಟ್ಟಿ ತಣ್ಣಗಾಗಿದೆ. ಮಳೆಯಲ್ಲಿ ತಲಪಾಡಿ ದಾಟಿ ಮಂಗ್ಳೂರಿಗೆ ಹೋಗುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿತ್ತು. ಮೂಗಿನ ಸ್ವಾಬ್ ಟೆಸ್ಟಲ್ಲಿ ಇನ್‌ಫ್ಲುಯೆಂಜಾ ಎ, ಅಂದ್ರೆ ಫ್ಲೂದ ಒಂದು ಬಗೆ, ಅಂತ ಬಂತು. ಆರು ದಿನ ಆಕ್ಸಿಜನ್. ಇದಕ್ಕೆ ಮಾತ್ರೆ ಉಂಟು, ಆದ್ರೆ ಜ್ವರ ಸುರುವಾಗಿ ಎರಡು ದಿನದೊಳಗೆ ಕೊಟ್ರೆ ಅದರ ಗುಣ ಜಾಸ್ತಿ, ನೀವು ಕಷಾಯದಲ್ಲಿ ದಿನ ಕಳೆದ್ರಿ ಅಂದ್ರು ಡಾಕ್ಟ್ರು. ಆಮೇಲೆ ಸಲೀಸಾಗಿ ಕೇಳಿದ್ರು, ಫ್ಲೂ ವ್ಯಾಕ್ಸಿನ್ ಕೊಡಿಸಿದ್ರಾ? ನಾನು ಕೋವಿಡ್‌ದು ಎರಡೂ ಆಗಿದೆ ಸಾರ್ ಅಂದೆ. ಅವರು ನಗಲೂ ಇಲ್ಲ ಬೈಯಲೂ ಇಲ್ಲ, ಅದು ಬೇರೆ ಇದು ಬೇರೆ ಅಂದ್ರು ಅಷ್ಟೇ.

ಆ ಮೇಲೆ ಕೇಳಿ ಓದಿ ತಿಳ್ಕೊಂಡದ್ದು ಇಷ್ಟು. ಫ್ಲೂ ವೈರಸ್ ವೇಷ ಬದಲಿಸ್ತಾ ಇರ್ತದೆ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಒಮ್ಮೆ ಸೆಪ್ಟೆಂಬರಲ್ಲಿ ಒಮ್ಮೆ, ಲಸಿಕೆಯಲ್ಲಿ ಯಾವ ತಳಿ ಇರ್ಬೇಕು ಅಂತ ಹೇಳ್ತದೆ, ಹಾಗಾಗಿ ಇದನ್ನು ಪ್ರತಿ ವರ್ಷ ತೆಗೊಳ್ಬೇಕು. ತೆಗೊಂಡ ಮೇಲೆ ಮೈಯಲ್ಲಿ ಶಕ್ತಿ ಹುಟ್ಟಲಿಕ್ಕೆ ಸುಮಾರು ಎರಡು ವಾರ ಬೇಕು. ನಮ್ಮಲ್ಲಿ ಫ್ಲೂ ಜೋರಾಗೋದು ಮಳೆಗಾಲದಲ್ಲಿ, ಅಂದ್ರೆ ಏಪ್ರಿಲ್ ಮೇ ಒಳಗೆ ಮುಗಿಸ್ಬೇಕು, ಸರಿಯಾಗಿ ನಾವು ಮದ್ದು ಬಿಡೋ ಹೊತ್ತಿಗೇ. ಇಂಜೆಕ್ಷನ್‌ನಲ್ಲಿ ಇರೋದು ಸತ್ತ ವೈರಸ್‌ನ ಭಾಗ, ಅದರಿಂದಲೇ ಫ್ಲೂ ಬರೋದಿಲ್ಲ, ಕೈ ಒಂದೆರಡು ದಿನ ನೋಯ್ತದೆ, ಕೆಲವರಿಗೆ ಮೈ ಬಿಸಿಯಾಗ್ತದೆ. ಪೂರ್ತಿ ತಡೀತದಾ ಅಂದ್ರೆ ಇಲ್ಲ, ತಳಿ ಚೆನ್ನಾಗಿ ಹೊಂದಿದ ವರ್ಷ ಕೂಡ ನೂರಕ್ಕೆ 40ರಿಂದ 60ರಷ್ಟು ಅಂತ ಲೆಕ್ಕ, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಮದ್ದು ಬಿಟ್ಟ ತೋಟದಲ್ಲೂ ನಾಲ್ಕು ಗೊನೆ ಕೊಳೀತದೆ ಅಲ್ವಾ, ಹಾಗಂತ ಬಿಡದೆ ಕೂರ್ತೇವಾ? ಇನ್ನೊಂದು ವಿಷಯ ನನ್ನನ್ನು ಹೆದರಿಸಿದ್ದು, ಕೆನಡಾದ ಒಂಟಾರಿಯೊದಲ್ಲಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು, ಫ್ಲೂ ಪತ್ತೆಯಾದ ಮೊದಲ ಏಳು ದಿನದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು ಏರ್ತದಂತೆ. ಜ್ವರ ಬಂದಿತ್ತು, ಮತ್ತೆ ಎದೆನೋವು ಬಂದು ಹೋದ್ರು ಅಂತ ಊರಲ್ಲಿ ಎಷ್ಟು ಸಾವಿನ ಮನೆಯಲ್ಲಿ ಕೇಳಿಲ್ಲ ನಾವು.

ಆರ್‌ಎಸ್‌ವಿ ಅಂತ ಇನ್ನೊಂದು ವೈರಸ್ ಉಂಟು, ಸಣ್ಣ ಮಕ್ಕಳ ಕಫದ ರೋಗ ಅಂತಲೇ ಹೆಸರು, ಆದ್ರೆ ಮುದುಕರ ಶ್ವಾಸಕೋಶಕ್ಕೂ ಇಳೀತದೆ. ಅಮೆರಿಕಾದಲ್ಲಿ 2023ರ ಮೇ ತಿಂಗಳಲ್ಲಿ ವಯಸ್ಸಾದವರಿಗೆ ಅದರ ಲಸಿಕೆಗೆ ಅನುಮತಿ ಸಿಕ್ಕಿತು, ಅಲ್ಲಿ 75 ದಾಟಿದ ಎಲ್ಲರಿಗೂ ಒಂದು ಡೋಸ್ ತೆಗೊಳ್ಳಿ ಅಂತಾರೆ. ನಮಗೆ ಮೊದಲು ಫ್ಲೂದಾದ್ರೂ ಆಗ್ಲಿ.

ಈ ಏಪ್ರಿಲಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೊಡಿಸಿದೆ. ಪೇಟೆಯ ಎರಡು ಮೆಡಿಕಲ್‌ನಲ್ಲಿ ಕೇಳಿದ್ರೆ ಸ್ಟಾಕ್ ಇಲ್ಲ, ಯಾರೂ ಕೇಳೋದಿಲ್ಲ ಅಂತ ಉತ್ತರ. ಮೂರನೆಯವರು ತರಿಸಿಕೊಟ್ರು, ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬದಲ್ಲಿ ಬಂತು, ಇದು 2ರಿಂದ 8 ಡಿಗ್ರಿಯಲ್ಲೇ ಇರ್ಬೇಕು, ಬಿಸಿಲಲ್ಲಿ ತಿರುಗಿಸ್ಬೇಡಿ, ನೇರ ಡಾಕ್ಟ್ರ ಹತ್ರ ಹೋಗಿ ಅಂದ್ರು. ಒಬ್ಬರಿಗೆ ಸಾವಿರದ ಮೇಲೆ ಬಿತ್ತು. ನನಗೆ ಆಯ್ತು, ದಿನಗೂಲಿಗೆ ಹೋಗೋ ಮನೆಯ ಅಜ್ಜಿಗೆ ಇದು ಆಗೋ ಮಾತಾ? ದೇಶದ ಲಸಿಕೆ ಕಾರ್ಯಕ್ರಮ ಇರೋದು ಮಕ್ಕಳಿಗೆ ಮತ್ತೆ ಗರ್ಭಿಣಿಯರಿಗೆ, ಮುದುಕರ ಫ್ಲೂ ಅದರಲ್ಲಿಲ್ಲ.

ಕೇರಳದಲ್ಲಿ 2011ರ ಜನಗಣತಿಯಲ್ಲೇ 60 ದಾಟಿದವರು ನೂರಕ್ಕೆ 12.6, ಇಡೀ ದೇಶದ್ದು 8.6. ಮುದುಕರು ಇಷ್ಟಿರೋ ರಾಜ್ಯ, ಪಂಚಾಯತಿಗಳಲ್ಲಿ ಪಾಲಿಯೇಟಿವ್ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಹೋಗ್ತಾರೆ, ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರಿಗೆ ಶುಗರ್ ಯಾರಿಗೆ ದಮ್ಮು ಅಂತ ಬಾಯಿಪಾಠ. 2021ರ ಮಾರ್ಚ್ 1ಕ್ಕೆ 60 ದಾಟಿದವರಿಗೆ ಕೋವಿಡ್ ಲಸಿಕೆ ಸುರುವಾದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಜೀಪಲ್ಲಿ ಹೋಗಿದ್ರು, ಯಾಕೆಂದ್ರೆ ಯಾರೋ ಮನೆಗೆ ಬಂದು ಹೇಳಿದ್ರು. ಫ್ಲೂಗೂ ಯಾರಾದ್ರೂ ಬಂದು ಹೇಳ್ಲಿ, ಬಡವರಿಗೆ ಪಂಚಾಯತಿ ದುಡ್ಡಲ್ಲಿ ಕೊಡ್ಲಿಕ್ಕೆ ಆಗ್ತದಾ ಅಂತ ಗ್ರಾಮಸಭೆಯಲ್ಲಿ ಕೇಳೋಣ, ನಾನಂತೂ ಕೇಳ್ತೇನೆ. ಮತ್ತೆ ದಯವಿಟ್ಟು ಅದಕ್ಕೆ ನೋಟೀಸು ಹಾಕಿದ್ರೆ ಅದು ಕನ್ನಡದಲ್ಲೂ ಇರ್ಲಿ. ನಮ್ಮ ವಾರ್ಡಿನ ವಾಟ್ಸಾಪಿಗೆ ಬರೋದೆಲ್ಲ ಮಲಯಾಳದಲ್ಲಿ, ನನಗೆ ಹೇಗೂ ಓದ್ಲಿಕ್ಕಾಗ್ತದೆ, ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸ್ ಕಲಿತ ಅಪ್ಪ ಫೋನನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿ, ಇದ್ರಲ್ಲಿ ಎಂತ ಬರೆದದ್ದು ನೋಡು ಅಂತ ನನ್ನ ಕೈಗೇ ಕೊಡ್ತಾರೆ.

ನಿಮ್ಮ ಪತ್ರಿಕೆಯಲ್ಲಿ ಮೇ 15ರ ಒಳಗೆ ಒಬ್ಬ ಡಾಕ್ಟ್ರಿಂದ ಈ ಬಗ್ಗೆ ಒಂದು ಲೇಖನ ಬರೆಸಿ ಹಾಕಿದ್ರೆ ಉಪಕಾರ ಆಗ್ತದೆ. ಅಕ್ಷರ ಸ್ವಲ್ಪ ದಪ್ಪ ಇರ್ಲಿ.

ಇಂತಿ,
ಒಬ್ಬ ಓದುಗ, ಬದಿಯಡ್ಕ