ಪೈಲಟ್‌ಗಳು ಹೆದರದೆ ಹೇಳುವಂತಾಗಲಿ

ಮಾನ್ಯ ಸಂಪಾದಕರೇ,

ಚಾರ್‌ಧಾಮ್ ದಾರಿಯಲ್ಲಿ ಹೆಲಿಕಾಪ್ಟರ್ ಬಿದ್ದಾಗಲೆಲ್ಲ ನಡೆಯುವ ಚರ್ಚೆ ಒಂದೇ. ತಪ್ಪು ಯಾರದು? ಕಂಪನಿಯದೋ, ಪೈಲಟ್‌ದೋ, ಸರ್ಕಾರದ್ದೋ? ಕೇಳಬೇಕಾದ್ದೇ ಬಿಡಿ. ಆದರೆ ಮಾರನೇ ಬೆಳಿಗ್ಗೆ ಅದೇ ಬೆಟ್ಟಗಳ ನಡುವೆ ಹಾರುವ ಇನ್ನೊಬ್ಬ ಪೈಲಟ್‌ಗೆ ಏನು ಗೊತ್ತಿರುತ್ತದೆ ಎಂದು ಯಾರೂ ಕೇಳುವುದಿಲ್ಲ.

2025ರ ಮೇ 8ರಂದು ಗಂಗೋತ್ರಿ ದಾರಿಯ ಗಂಗ್ನಾನಿ ಬಳಿ ಹೆಲಿಕಾಪ್ಟರ್ ಬಿದ್ದು ಆರು ಮಂದಿ ಸತ್ತರು. ರಸ್ತೆ ಮೇಲೆ ಇಳಿಸಲು ನೋಡುವಾಗ ಅದರ ರೆಕ್ಕೆ ಅಲ್ಲಿ ಎಳೆದಿದ್ದ ಫೈಬರ್ ಕೇಬಲ್‌ಗೆ ತಗುಲಿತ್ತಂತೆ. ಈ ಸಂಗತಿ ಇದ್ದ ತನಿಖೆಯ ಪ್ರಾಥಮಿಕ ವರದಿ ಹೊರಬಂದದ್ದು ಜುಲೈನಲ್ಲಿ. ಅಷ್ಟರೊಳಗೆ, ಜೂನ್ 7ರಂದು, ಗುಪ್ತಕಾಶಿ ಹತ್ತಿರ ಇನ್ನೊಂದು ಹೆಲಿಕಾಪ್ಟರ್ ತುರ್ತಾಗಿ ರಸ್ತೆಯಲ್ಲೇ ಇಳಿದಿತ್ತು! ಅಲ್ಲಿ ಪ್ರಯಾಣಿಕರು ಬಚಾವಾದರು. ಜೂನ್ 15ರಂದು ಗೌರಿಕುಂಡದ ಬಳಿ ಬಿದ್ದದ್ದರಲ್ಲಿ ಇದ್ದ ಏಳು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸತ್ತವರಲ್ಲಿ ಎರಡು ವರ್ಷವೂ ತುಂಬದ ಮಗುವಿತ್ತು.

ಕೇದಾರದ ಕಣಿವೆಯಲ್ಲಿ ಮೋಡ ಯಾವಾಗ ಇಳಿಯುತ್ತದೋ ಹೇಳಲಾಗದು. ಹೆಚ್ಚಿನವು ಒಂದೇ ಎಂಜಿನ್ ಇರುವ ಹೆಲಿಕಾಪ್ಟರ್‌ಗಳು, ಒಬ್ಬರೇ ಪೈಲಟ್. ಮುಂದೆ ಹೋದವರು ರೇಡಿಯೊದಲ್ಲಿ ಹೇಳುವ ಮಾತೇ ಹಿಂದಿನವರಿಗೆ ಕಣ್ಣು. ‘ನಾನು ನಿನ್ನೆ ಮೋಡದೊಳಗೆ ಸಿಕ್ಕಿಕೊಂಡು ಹೇಗೋ ಪಾರಾದೆ’ ಎಂದು ಒಬ್ಬರು ಹೇಳಿಕೊಂಡರೆ ಹತ್ತು ಜನಕ್ಕೆ ಉಪಯೋಗ. ಹೇಳಿದರೆ ಕೆಲಸಕ್ಕೇ ಕುತ್ತು ಬರಬಹುದು ಅನ್ನುವ ಭಯವಿದ್ದರೆ ಯಾರು ಬಾಯಿ ಬಿಡುತ್ತಾರೆ?

ಅಮೆರಿಕದಲ್ಲಿ 1976ರಿಂದ ಇದಕ್ಕೊಂದು ದಾರಿ ಮಾಡಿದ್ದಾರೆ. ಪೈಲಟ್ ತನ್ನ ಎಡವಟ್ಟನ್ನು ಬರೆದು ನಾಸಾಕ್ಕೆ ಕಳಿಸಬಹುದು. ನಾಸಾ ಹೆಸರು ತೆಗೆದು, ಪಾಠವನ್ನಷ್ಟೇ ಎಲ್ಲರಿಗೂ ಹಂಚುತ್ತದೆ. ಬೇಕೆಂದೇ ಮಾಡದ ತಪ್ಪನ್ನು ಹತ್ತು ದಿನದೊಳಗೆ ತಿಳಿಸಿದರೆ ಸಾಮಾನ್ಯವಾಗಿ ದಂಡವೂ ಇಲ್ಲ, ಲೈಸೆನ್ಸ್‌ಗೆ ತಡೆಯೂ ಇಲ್ಲ. ಮುಖ್ಯ ಸಂಗತಿ ಏನೆಂದರೆ, ನಾಸಾ ಲೈಸೆನ್ಸ್ ಕೊಡುವ ಇಲಾಖೆಯಲ್ಲ. ನಮ್ಮಲ್ಲೂ ಸ್ವಯಂಪ್ರೇರಿತ ವರದಿಗೆ ಅವಕಾಶ ಇದೆ, ಆದರೆ ಅದನ್ನು ನೋಡಿಕೊಳ್ಳುವುದು ಲೈಸೆನ್ಸ್ ಕೊಡುವ, ಕಸಿಯುವ ಡಿಜಿಸಿಎಯೇ (ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ). ಹೀಗಿದ್ದರೆ ಧೈರ್ಯ ಎಲ್ಲಿಂದ ಬರಬೇಕು?

ಜೂನ್‌ನ ಅಪಘಾತದ ನಂತರ ಎರಡು ದಿನ ಹಾರಾಟ ನಿಲ್ಲಿಸಿದರು, ನಿಯಂತ್ರಣ ಕೇಂದ್ರದ ಮಾತಾಡಿದರು. ಒಳ್ಳೆಯದೇ. ಜೊತೆಗೆ, ಯಾತ್ರೆಯ ದಿನಗಳಲ್ಲಿ ಎಲ್ಲ ಕಂಪನಿಗಳ ಪೈಲಟ್‌ಗಳು ಸಂಜೆ ಒಂದು ಕಡೆ ಕೂತು, ಅಂದು ಕಂಡದ್ದನ್ನು ಹೇಳಿಕೊಳ್ಳುವ ವ್ಯವಸ್ಥೆ ಬೇಕು. ವರದಿಗಳನ್ನು ಡಿಜಿಸಿಎ ಹೊರಗಿನ ಸಂಸ್ಥೆಯೊಂದು ಇಟ್ಟುಕೊಳ್ಳಲಿ. ನಮ್ಮ ಊರುಗಳಿಂದಲೂ ವರ್ಷವರ್ಷ ಜನ ಕೇದಾರಕ್ಕೆ ಹೋಗುತ್ತಾರೆ. ನಮ್ಮ ಸಂಸದರು ಈ ಬೇಡಿಕೆಯನ್ನು ಲೋಕಸಭೆಯಲ್ಲಿ ಎತ್ತಬೇಕು.

– ಒಬ್ಬ ಓದುಗ, ಹುಬ್ಬಳ್ಳಿ