ಅತಿಥಿ ಕೋಣೆಯಿಂದ ಎದ್ದು ಅಡುಗೆಮನೆಗೆ ಹೋಗು

ಪ್ರೀತಿಯ ತಂಗಿ,

ಮೊರೊಕ್ಕೊದ ಫೆಸ್ ಊರಿನ ಮನೆಯೊಂದರಲ್ಲಿ ತಿಂಗಳಿದ್ದು ಅಲ್ಲಿನ ಸಂಸಾರದ ಬಗ್ಗೆ ಬರೆಯುತ್ತೇನೆ ಅಂದೆಯಲ್ಲ. ಮೊದಲ ಮೂರು ದಿನ ನಿನಗೆ ಕಾಣುವುದು ಅತಿಥಿ ಕೋಣೆ ಮಾತ್ರ. ಗೋಡೆಗುಂಟ ಹಾಕಿದ ‘ಸೆದಾರಿ’ ದಿವಾನದ ಮೇಲೆ ಕೂರಿಸಿ, ಒಳ್ಳೆಯ ಲೋಟಗಳಲ್ಲಿ ಪುದೀನ ಚಹಾ ಕೊಡುತ್ತಾರೆ. ಅಷ್ಟನ್ನೇ ಬರೆದರೆ ಪ್ರವಾಸೋದ್ಯಮ ಇಲಾಖೆಯ ಕರಪತ್ರವಾದೀತು. ಶುಕ್ರವಾರ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ಕ್ಯಾರೆಟ್ ಹೆರೆದುಕೊಡಲೇ ಅಂತ ಕೇಳು.

ಅವತ್ತು ಮಧ್ಯಾಹ್ನಕ್ಕೆ ಕುಸ್ಕುಸ್. ರವೆಯ ಸಣ್ಣ ಹರಳು ಅದು, ಆದರೆ ಉಪ್ಪಿಟ್ಟಿನ ಹಾಗೆ ಕುದಿಯುವ ನೀರಿಗೆ ಸುರಿಯುವುದಿಲ್ಲ. ಅಗಲ ಬೋಗುಣಿಯಲ್ಲಿ ಎಣ್ಣೆ, ನೀರು ಚಿಮುಕಿಸಿ ಅಂಗೈಯಲ್ಲಿ ಉಜ್ಜಿ, ತೂತಿನ ಪಾತ್ರೆಗೆ ತುಂಬಿ, ಮಾಂಸ–ತರಕಾರಿ ಕುದಿಯುವ ಪಾತ್ರೆಯ ಮೇಲೆ ಕೂರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಮತ್ತೆ ಬೋಗುಣಿಗೆ ಸುರಿದು ಉಜ್ಜಿ, ಮತ್ತೆ ಹಬೆಗೆ. ಹೀಗೆ ಮೂರು ಸಲ. ಎರಡು ಪಾತ್ರೆ ಕೂಡುವ ಕಡೆ ಹಿಟ್ಟುನೀರಲ್ಲಿ ಅದ್ದಿದ ಬಟ್ಟೆಪಟ್ಟಿ ಸುತ್ತದಿದ್ದರೆ ಹಬೆ ಪಕ್ಕದಿಂದ ಸೋರಿ ಕಾಳು ಅರೆಬೇಯುತ್ತದೆ. ಒಮ್ಮೆಗೇ ನೀರು ಹೆಚ್ಚು ಬಿದ್ದರೆ ಗಂಟಾಗುತ್ತದೆ. ಈ ಉಜ್ಜುವ ಹೊತ್ತಲ್ಲೇ ಮಗಳ ಫೀಸು, ನಾದಿನಿಯ ಮುನಿಸು, ಮನೆ ಬಾಡಿಗೆ ಎಲ್ಲ ಬಾಯಿಗೆ ಬರುವುದು. ಆಗ ಪೆನ್ನು ತೆಗೆದೆಯೋ, ಮಾತು ನಿಂತಿತು. ರಾತ್ರಿ ಬರೆದುಕೋ.

ಎಲ್ಲರಿಗೂ ಒಂದೇ ದೊಡ್ಡ ತಟ್ಟೆ. ಬಲಗೈಯಲ್ಲಿ, ಇಲ್ಲವೇ ಚಮಚದಲ್ಲಿ, ನಿನ್ನೆದುರಿನ ಪಾಲನ್ನಷ್ಟೇ ತಿನ್ನು. ನಡುವಿನ ಮಾಂಸಕ್ಕೆ ನೀನಾಗಿ ಕೈ ಹಾಕಬೇಡ, ಮನೆಯಾಕೆ ಹಂಚುತ್ತಾಳೆ. ಒಳ್ಳೆ ತುಂಡು ಯಾರ ಕಡೆ ಸರಿಯಿತು, ಯಾರದು ಕೊನೆಗೆ ಬಂತು ಎಂಬುದನ್ನು ನೋಡು. ನಿನ್ನ ಪ್ರಬಂಧ ಇರುವುದೇ ಅಲ್ಲಿ. ಸಸ್ಯಾಹಾರಿಯಾಗಿದ್ದರೆ ಹೋಗುವ ಮುನ್ನವೇ ತಿಳಿಸು. ಮಾಂಸದ ತುಂಡು ಬದಿಗೆ ತಳ್ಳಿದರೆ ಸಾಲದು, ತರಕಾರಿ ಬೆಂದದ್ದೂ ಅದೇ ಸಾರಿನಲ್ಲಿ.

ಈಗ ನಂಟಿನ ಪದಗಳು. ಅಲ್ಲಿನ ಆಡುಮಾತು ದಾರಿಜಾದಲ್ಲಿ ‘ಖಾಲ್ತಿ’ ಅಂದರೆ ತಾಯಿಯ ಅಕ್ಕತಂಗಿ, ‘ಅಮ್ತಿ’ ಅಂದರೆ ತಂದೆಯ ಅಕ್ಕತಂಗಿ. ಇಂಗ್ಲಿಷಿನಲ್ಲಿ ಬರೆಯುವವರು ಇಬ್ಬರನ್ನೂ ಆಂಟಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ನಿನ್ನ ಕೈಯಲ್ಲಿ ಚಿಕ್ಕಮ್ಮ, ಸೋದರತ್ತೆ ಇದ್ದಾರೆ, ಬಳಸು. ಸೋದರಮಾವ ‘ಖಾಲಿ’ (ನಗಬೇಡ), ಚಿಕ್ಕಪ್ಪ ‘ಅಮ್ಮಿ’. ಗುರುತಿಲ್ಲದ ಹಿರಿಯ ಹೆಂಗಸನ್ನೂ ಖಾಲ್ತಿ ಎನ್ನುವುದುಂಟು, ಹಾಗಾಗಿ ಪಕ್ಕದ ಮನೆಯಾಕೆಯನ್ನು ವಂಶವೃಕ್ಷಕ್ಕೆ ಸೇರಿಸಿಬಿಟ್ಟೀಯ. ದೊಡ್ಡ ತೊಡಕು ಇನ್ನೊಂದಿದೆ. ‘ಬೆಂತ್ ಅಮ್ಮಿ’, ಅಂದರೆ ಚಿಕ್ಕಪ್ಪನ ಮಗಳು, ನಮ್ಮ ಬಹುಪಾಲು ಮನೆಗಳಲ್ಲಿ ತಂಗಿ. ಅಲ್ಲಿ ಅವಳನ್ನು ಮದುವೆಯಾಗಬಹುದು. ಮೂರನೇ ಪುಟದಲ್ಲಿ ‘ತಂಗಿ’ ಅಂತ ಬರೆದು ಹನ್ನೊಂದನೇ ಪುಟದಲ್ಲಿ ಮದುವೆ ಮಾಡಿಸಿದರೆ ಓದುಗರು ಹೌಹಾರುತ್ತಾರೆ. ಆ ಒಂದು ಕಡೆ ‘ಚಿಕ್ಕಪ್ಪನ ಮಗಳು’ ಅಂತಲೇ ಇರಲಿ.

2004ರ ಕುಟುಂಬ ಕಾನೂನು ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೇರಿಸಿತು, ಸಂಸಾರದ ಹೊಣೆ ಗಂಡಹೆಂಡಿರಿಬ್ಬರದೂ ಎಂದಿತು. ಪೀಠಿಕೆಯಲ್ಲಿ ಅದನ್ನು ತುರುಕಬೇಡ. ಸಂತೆಗೆ ಹೊರಟಾಗ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದ ಮೇಲೆ, ಬೇಕಿದ್ದರೆ ಒಂದು ಸಾಲು ಬರಲಿ.

ಹೆಂಗಸರು ಹಮ್ಮಾಮಿಗೆ, ಅಂದರೆ ಸಾರ್ವಜನಿಕ ಸ್ನಾನದ ಮನೆಗೆ, ಕರೆದರೆ ಹೋಗು. ಆದರೆ ಅಲ್ಲಿ ಕೇಳಿದ್ದನ್ನು ಬರೆಯಬೇಡ.

ಇಂತಿ,
ನಿನ್ನ ಅಕ್ಕ