ಈ ಎಲೆಗಳನ್ನೆಲ್ಲ ಯಾರು ಗುಡಿಸುತ್ತಾರೆ?

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಗ್ಗೆ ಸದಸ್ಯರ ಕೈಸೇರಬೇಕು. ಅಧ್ಯಕ್ಷರ ಮಾತು ಬಂದಿದೆ, ಖಜಾಂಚಿಯವರ ಲೆಕ್ಕಪತ್ರ ಬಂದಿದೆ, ಚಕ್ಕುಲಿ–ಕೋಡುಬಳೆಯ ಜಾಹೀರಾತು ಎರಡೆರಡು ಸಲ ಬಂದಿದೆ. ಬಾಕಿ ಇರುವುದು ಸಂಪಾದಕೀಯವೊಂದೇ. ಏಕೀಕರಣ, ಬಾವುಟ, ನುಡಿಯ ಹಿರಿಮೆ ಎಂದು ಪ್ರತಿವರ್ಷದಂತೆ ಒಂದು ಪುಟ ತುಂಬಿಸಿ ಮಲಗೋಣ ಎಂದುಕೊಂಡು ಕುಳಿತೆ. ಆದರೆ ಕಳೆದ ಭಾನುವಾರ ಲಂಡನ್ ಅಂಚಿನ ಎಪ್ಪಿಂಗ್ ಕಾಡಿನಲ್ಲಿ ನಮ್ಮ ಕನ್ನಡ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ಹೈ ಬೀಚ್ ಬಳಿ ಮೀನಖಂಡ ಮುಳುಗುವಷ್ಟು ತರಗೆಲೆಯ ನಡುವೆ ನಿಂತು ಅವಳು ಕೇಳಿದಳು: "ಆಂಟಿ, ಈ ಎಲೆಗಳನ್ನೆಲ್ಲ ಯಾರು ಗುಡಿಸುತ್ತಾರೆ?"

ನ್ಯಾಯವಾದ ಪ್ರಶ್ನೆಯೇ. ಅವಳ ಬೀದಿಯಲ್ಲಿ ಎಲೆ ಉದುರಿದರೆ ಕೌನ್ಸಿಲ್ಲಿನವರು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಬಂದು, ಊದಿ ರಾಶಿ ಹಾಕಿ, ಲಾರಿಗೆ ತುಂಬಿಕೊಂಡು ಹೋಗುತ್ತಾರೆ. ಇಲ್ಲಿ ಯಾರೂ ಗುಡಿಸುವುದಿಲ್ಲ, ಅಣಬೆ, ಎರೆಹುಳುಗಳೇ ನೋಡಿಕೊಳ್ಳುತ್ತವೆ ಎಂದು ನಾನು ಹೇಳುವಷ್ಟರಲ್ಲಿ, ಹಿಂದೆ ಬರುತ್ತಿದ್ದ ಸಾಗರದ ಅಮ್ಮ (ನಮ್ಮ ಸದಸ್ಯರೊಬ್ಬರ ತಾಯಿ, ಮಗಳ ಬಾಣಂತನಕ್ಕೆಂದು ಬಂದವರು) ನಿಂತು ಉತ್ತರ ಕೊಟ್ಟರು. "ನಮ್ಮ ಊರಿನಲ್ಲಾದರೆ ನಾವೇ ಗುಡಿಸುತ್ತೇವೆ ಪುಟ್ಟಿ. ಹೆಡಗೆಯಲ್ಲಿ ತುಂಬಿ ತಂದು ದನದ ಕಾಲಡಿಗೆ ಹಾಸುತ್ತೇವೆ." ಹಾಗೆಂದವರು ತಲೆಯೆತ್ತಿ ಮರ ನೋಡಿದರು. ಸುತ್ತ ಒಂದು ಸಲ ಬಂದರು. ತೊಗಟೆಯ ಮೇಲೆ ಕೈಯಾಡಿಸಿದರು. "ಇದು ಸೊಪ್ಪು ಕಡಿದ ಮರವಲ್ಲವೇ? ಯಾರೋ ಬಹಳ ಕಾಲ ಕಡಿದಿದ್ದಾರೆ. ಆಮೇಲೆ ಬಿಟ್ಟಿದ್ದಾರೆ."

ನಾನು ಓದಿಕೊಂಡು ಹೋಗಿದ್ದ ವಿಷಯವೆಲ್ಲ ಆ ಎರಡು ಮಾತಿನಲ್ಲಿ ಮುಗಿದುಹೋಯಿತು.

ಆ ಮರಗಳನ್ನು ನೀವೂ ನೋಡಿರುತ್ತೀರಿ. ಆಳೆತ್ತರಕ್ಕಿಂತ ತುಸು ಮೇಲಿನವರೆಗೆ ಒಂದೇ ದಪ್ಪ ಕಾಂಡ; ಅಲ್ಲಿ ಗಂಟುಗಂಟಾಗಿ ಊದಿಕೊಂಡ ತಲೆ; ಆ ತಲೆಯಿಂದ ಹತ್ತೋ ಹನ್ನೆರಡೋ ಕೊಂಬೆಗಳು ಒಂದಕ್ಕೊಂದು ಜಾಗ ಕೊಡದೆ ನೆಟ್ಟಗೆ ಮೇಲಕ್ಕೆ. ಬೀಚ್, ಓಕ್, ಹಾರ್ನ್‌ಬೀಮ್ ಮೂರೂ ಜಾತಿಯಲ್ಲಿ ಇಂಥವು ಇವೆ. ಎಪ್ಪಿಂಗ್ ಕಾಡೊಂದರಲ್ಲೇ ಐವತ್ತು ಸಾವಿರಕ್ಕೂ ಹೆಚ್ಚಿವೆಯಂತೆ. ಇಲ್ಲಿನವರು ಪೊಲಾರ್ಡ್ ಎನ್ನುತ್ತಾರೆ. ದನ, ಜಿಂಕೆಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕೊಂಬೆ ಕಡಿದರೆ ಚಿಗುರು ಉಳಿಯುತ್ತದೆ; ಕೆಲವು ವರ್ಷ ಬಿಟ್ಟು ಮತ್ತೆ ಕಡಿದರೆ ಮತ್ತೆ ಸೌದೆ. ಕೆಳಗೆ ದನ ಮೇಯುತ್ತದೆ, ಮೇಲೆ ಒಲೆಗೆ ಬೇಕಾದದ್ದು ಬೆಳೆಯುತ್ತದೆ. ಹೀಗೆ ತಲೆ ಕಡಿಸಿಕೊಂಡ ಮರ, ಸುಮ್ಮನೆ ಬೆಳೆದ ಮರಕ್ಕಿಂತ ಹೆಚ್ಚು ಕಾಲ ಬದುಕುತ್ತದೆ.

ಸಿದ್ದಾಪುರದ ಹತ್ತಿರ ನನ್ನ ಅಜ್ಜನ ಮನೆ. ಮನೆಯ ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ, ತೋಟದ ಮೇಲ್ಗಡೆ ಮೂರೂ ಸುತ್ತ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ನೆಲ ಸರ್ಕಾರದ್ದು, ಸೊಪ್ಪು ತೋಟದವರದ್ದು. ಮತ್ತಿ, ಹೊನ್ನೆ, ಹುಣಾಲು, ನೇರಳೆ ಎಲ್ಲವೂ ಅಲ್ಲಿದ್ದವು. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿ ಒಣಗಿದ ಎಲೆ. ದನ ತುಳಿದು, ಸಗಣಿ ಗಂಜಲ ಸೇರಿ, ಗೊಬ್ಬರಗುಂಡಿಯಲ್ಲಿ ಕೊಳೆತು, ಕೊನೆಗೆ ಅಡಿಕೆ ಮರದ ಬುಡಕ್ಕೆ. ಮಗ್ಗುಲ ಮನೆಯ ಈರಣ್ಣ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಮತ್ತಿ ಮರ ಹತ್ತಿದರೆ, ಅಜ್ಜ ಕೆಳಗೆ ಕಂಬಳಿಕೊಪ್ಪೆ ಹಾಕಿಕೊಂಡು ನಿಂತು ಒಂದೇ ಮಾತನ್ನು ಕೂಗುತ್ತಿದ್ದ: "ತುದಿ ಬಿಡು, ತುದಿ ಬಿಡು." ತುದಿ ಕಡಿದರೆ ಮರ ಸಾಯುತ್ತದೆ ಎನ್ನುವುದು ಅವನ ಲೆಕ್ಕ. ಈರಣ್ಣ ಅದನ್ನು ಕೇಳಿಸಿಕೊಂಡದ್ದು ಕಡಿಮೆ. ಅವನಿಗೆ ಅದು ಮೊದಲೇ ಗೊತ್ತಿತ್ತು.

ದರಕು ಗುಡಿಸುವುದು ಮಾತ್ರ ಹೆಂಗಸರ, ಮಕ್ಕಳ ಕೆಲಸ. ಸಂಕ್ರಾಂತಿ ಕಳೆದ ಮೇಲೆ, ಬೆಳಗಿನ ಇಬ್ಬನಿ ಆರುವುದರೊಳಗೆ ಹೋಗಬೇಕು. ಬಿಸಿಲೇರಿದರೆ ಎಲೆ ಪುಡಿಯಾಗುತ್ತದೆ, ಹೆಡಗೆಯಲ್ಲಿ ನಿಲ್ಲುವುದಿಲ್ಲ. ದೊಡ್ಡಮ್ಮ ಕಡ್ಡಿಹಿಡಿಯಿಂದ ಗುಡಿಸುತ್ತ ಇಳಿಜಾರಿನ ಕೆಳಕ್ಕೆ ರಾಶಿ ತರುತ್ತಿದ್ದಳು. ನಾವು ಹೆಡಗೆಯೊಳಗೇ ಇಳಿದು ತುಳಿದು ತುಳಿದು ತುಂಬುತ್ತಿದ್ದೆವು. ಎಲೆಯ ಅಡಿಯಲ್ಲಿ ಏನಿರುತ್ತದೆ ಎಂದು ಹೇಳುವಂತಿಲ್ಲ. ಚೇಳು, ಸಹಸ್ರಪದಿ, ಒಮ್ಮೆ ಮಂಡಲದ ಹಾವು. ಎಲ್ಲಕ್ಕಿಂತ ದೊಡ್ಡ ಭಯ ಉಣುಗಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಸುತ್ತಲಿನ ಊರುಗಳನ್ನು ಇಂದಿಗೂ ಬಿಟ್ಟಿಲ್ಲ. ಮಂಗ ಸತ್ತು ಬಿದ್ದಿದೆ ಎಂದು ಸುದ್ದಿ ಬಂದರೆ ಆ ಬೆಟ್ಟಕ್ಕೆ ಆ ವರ್ಷ ಯಾರೂ ದರಕಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಬಚ್ಚಲೊಲೆಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಮಂಡಿಯ ಹಿಂದೆ, ಕಿವಿಯ ಹಿಂದೆ, ಲಂಗದ ನೆರಿಗೆಯಲ್ಲಿ ಹುಡುಕುವುದು ಅಜ್ಜಿಯ ಪಾಲಿನ ಕೆಲಸ. ಅಂದು ಸ್ನಾನಕ್ಕೆ ಬಿಸಿನೀರು ಎಷ್ಟು ಸುರಿದುಕೊಂಡರೂ ಯಾರೂ ಬೈಯುತ್ತಿರಲಿಲ್ಲ.

ಎಪ್ಪಿಂಗ್‌ನಲ್ಲಿ ಊಟವಾದ ಮೇಲೆ ಸಾಗರದ ಅಮ್ಮನೂ ಹಾಗೆಯೇ ಎಲ್ಲ ಮಕ್ಕಳ ಪ್ಯಾಂಟು ಮಡಿಸಿ ಕಾಲು ನೋಡಿದರು. ಒಂದಿಬ್ಬರು ತಾಯಂದಿರು ನಕ್ಕರು. ನಗಬೇಡಿ. ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಕಾಡಿಗೆ ಹೋಗಿ ಬಂದವರು ಕಾಲು ನೋಡಿಕೊಳ್ಳಿ. ಕಚ್ಚಿದ ಸುತ್ತ ವೃತ್ತದ ಹಾಗೆ ಕೆಂಪು ಹರಡಿದರೆ ಕೂಡಲೇ ವೈದ್ಯರಿಗೆ ತೋರಿಸಿ.

ಈಗ ಈ ಕಾಡಿನ ಕಥೆಗೆ ಬರುತ್ತೇನೆ. ಲೌಟನ್ ಊರಿನ ಬಡವರಿಗೆ ಈ ಮರಗಳ ಕೊಂಬೆ ಕಡಿಯುವ ಹಕ್ಕು ತಲೆಮಾರುಗಳಿಂದ ಇತ್ತು. ಕಡಿತ ಶುರುವಾಗುತ್ತಿದ್ದದ್ದು ನವೆಂಬರ್ 11ರ ನಡುರಾತ್ರಿ, ಅಂದರೆ ನಮ್ಮ ರಾಜ್ಯೋತ್ಸವ ಕಳೆದು ಹತ್ತು ದಿನಕ್ಕೆ. ಆ ರಾತ್ರಿ ಯಾರೂ ಕೊಂಬೆ ಕಡಿಯದಿದ್ದರೆ ಹಕ್ಕು ಹೋಯಿತು ಎಂಬ ನಂಬಿಕೆ. ಒಂದು ವರ್ಷ ಊರ ಧಣಿ ಕಡಿಯುವವರನ್ನೆಲ್ಲ ಊಟಕ್ಕೆ ಕರೆದು ಚೆನ್ನಾಗಿ ಕುಡಿಸಿ ಆ ಗಳಿಗೆ ತಪ್ಪಿಸಲು ನೋಡಿದನಂತೆ. ಥಾಮಸ್ ವಿಲ್ಲಿಂಗೇಲ್ ಎಂಬ ಮುದುಕ ಮೆಲ್ಲನೆ ಎದ್ದುಹೋಗಿ, ಕೊಂಬೆ ಕಡಿದು, ಅದನ್ನು ಎತ್ತಿಕೊಂಡೇ ಊಟದ ಮನೆಗೆ ಮರಳಿದನಂತೆ. ಇದು ಜನ ಹೇಳುವ ಕಥೆ. ಮುಂದಿನದು ದಾಖಲೆಯಲ್ಲಿರುವುದು: 1860ರ ದಶಕದಲ್ಲಿ ಧಣಿ ಕಾಡಿಗೆ ಬೇಲಿ ಹಾಕಿದ, ವಿಲ್ಲಿಂಗೇಲ್ ಕಡಿಯುವುದನ್ನು ಬಿಡಲಿಲ್ಲ, ಅವನ ಮನೆಯ ಹುಡುಗರು ಸೆರೆಮನೆ ಕಂಡರು, ವ್ಯಾಜ್ಯ ದೊಡ್ಡದಾಗಿ ಲಂಡನ್ ನಗರಾಡಳಿತವೇ ನ್ಯಾಯಾಲಯಕ್ಕೆ ಹೋಯಿತು. 1878ರ ಕಾಯ್ದೆ ಬಂದು ಸುಮಾರು 6,000 ಎಕರೆ ಕಾಡು ಉಳಿಯಿತು. 1882ರಲ್ಲಿ ವಿಕ್ಟೋರಿಯಾ ರಾಣಿ ಇದೇ ಹೈ ಬೀಚ್‌ಗೆ ಬಂದು ಜನರಿಗೆ ಒಪ್ಪಿಸಿದರು.

ಸ್ವಾರಸ್ಯವಿರುವುದು ಇಲ್ಲೇ. ಕಾಡನ್ನು ಉಳಿಸಿದ ಕಾಯ್ದೆಯೇ ಕಡಿಯುವ ಹಕ್ಕನ್ನೂ ಮುಗಿಸಿತು. ಪರಿಹಾರದ ಹಣದಲ್ಲಿ 7,000 ಪೌಂಡ್ ಹಾಕಿ ಲೌಟನ್‌ನಲ್ಲಿ ಲಾಪಿಂಗ್ ಹಾಲ್ ಎಂಬ ಸಭಾಂಗಣ ಕಟ್ಟಿದರು. 1884ರ ಆ ಕಟ್ಟಡ ಇಂದಿಗೂ ಇದೆ. (ಮದುವೆ ಮುಂಜಿಗೆ ಸಭಾಂಗಣ ಹುಡುಕಿ ಸುಸ್ತಾಗುವ ನಮಗೆ ಆ ಪರಿಹಾರ ಕಡಿಮೆಯದೆಂದು ಅನ್ನಿಸಲಾರದು.) ಆದರೆ ಕಡಿತ ನಿಂತ ಮರಗಳು ಬೆಳೆಯುತ್ತಲೇ ಹೋದವು. ತಲೆಭಾರವಾಗಿ ಬಿರುಗಾಳಿಗೆ ಸೀಳಿಕೊಂಡವು. ಮೇಲೆ ಎಲೆ ಕವಿದು ನೆಲಕ್ಕೆ ಬೆಳಕು ಬೀಳದೆ, ಅಡಿಯ ಗಿಡ ಹೂವುಗಳು ಅಳಿದವು. ಈಗ ಕಾಡಿನ ಸಿಬ್ಬಂದಿ ಕೆಲವು ಮರಗಳಿಗೆ ಮತ್ತೆ ಕತ್ತಿ ಹಾಕುತ್ತಿದ್ದಾರೆ. ಹಾರ್ನ್‌ಬೀಮ್ ಒಪ್ಪಿಕೊಳ್ಳುತ್ತದೆ. ನೂರು ವರ್ಷ ಮರೆತು ಆಮೇಲೆ ಕಡಿದರೆ ಬೀಚ್ ಬೇಗ ಸಾಯುತ್ತದೆ, ಅದಕ್ಕೆ ಬಹಳ ನಿಧಾನವಾಗಿ, ಸ್ವಲ್ಪಸ್ವಲ್ಪವೇ ಸವರಬೇಕು. ಮೇಯಿಸಲು ಉದ್ದ ಕೊಂಬಿನ ದನಗಳನ್ನೂ ಬಿಟ್ಟಿದ್ದಾರೆ, ಕೊರಳಿನಲ್ಲಿ ಗಂಟೆಯ ಬದಲು ಜಿಪಿಎಸ್ ಪಟ್ಟಿ. ಗೆರೆ ದಾಟಿದರೆ ಸದ್ದು ಮಾಡುತ್ತದೆ. ಈ ಪಟ್ಟಿ ನೋಡಿ ಅಮ್ಮ ಒಂದು ಮಾತೂ ಆಡಲಿಲ್ಲ.

ಕಾಡು ಎಂದರೆ ಕೈಯಿಡದೆ ಬಿಟ್ಟದ್ದು ಎನ್ನುವವರು ಈ ಮರಗಳನ್ನು ಒಮ್ಮೆ ನೋಡಬೇಕು. ಹಾಗೆಂದು ಕತ್ತಿ ಹಿಡಿದವರೆಲ್ಲ ಕಾಡಿನ ನೆಂಟರೇನೂ ಅಲ್ಲ. ಅತಿಯಾಗಿ ಸವರಿ ಬೋಳಾದ ಸೊಪ್ಪಿನ ಬೆಟ್ಟಗಳನ್ನೂ ನಾನು ನೋಡಿದ್ದೇನೆ. ಆದರೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರಲ್ಲ, ಅವರು ಸೊಪ್ಪು ಕಡಿದು ದರಕು ಗುಡಿಸಿ ಬದುಕಿದ ಮನೆಗಳವರೇ. ಯಾವ ಮರ ಎಷ್ಟು ಕಡಿತ ತಾಳುತ್ತದೆ ಎಂದು ಗೊತ್ತಿದ್ದವರಿಗೇ, ಯಾವಾಗ ಗುತ್ತಿಗೆದಾರನ ಗರಗಸಕ್ಕೆ ಅಡ್ಡ ನಿಲ್ಲಬೇಕೆಂಬುದೂ ಗೊತ್ತಿತ್ತು.

ಪ್ರಾಣಿ ಪಕ್ಷಿಗಳ ಬಗ್ಗೆ ಬರೆಯಲೇಬೇಕೆಂದು ಮಕ್ಕಳ ಅಪ್ಪಣೆಯಾಗಿದೆ. ರೆಕ್ಕೆಯಲ್ಲಿ ನೀಲಿ ಪಟ್ಟಿಯಿರುವ ಜೇ ಹಕ್ಕಿ ಓಕ್ ಕಾಯಿಗಳನ್ನು ಗಂಟಲಿನಲ್ಲಿ ತುಂಬಿಕೊಂಡು ಹೋಗಿ ಹೂಳುತ್ತಿತ್ತು. ಚಳಿಗಾಲಕ್ಕೆಂದು ಹೂಳುವ ಸಾವಿರಾರು ಕಾಯಿಗಳಲ್ಲಿ ತಿನ್ನದೆ ಉಳಿದವು ಓಕ್ ಸಸಿಗಳಾಗುತ್ತವೆ. ಈ ಕಾಡಿನ ಹೆಸರುವಾಸಿ ಕಪ್ಪು ಜಿಂಕೆಗಳು ಕಾಣಲಿಲ್ಲ, ನಮ್ಮ ಗಲಾಟೆಗೆ ಕಂಡಿದ್ದರೆ ಆಶ್ಚರ್ಯವಾಗುತ್ತಿತ್ತು. ಬಿದ್ದ ಬೀಚ್ ಮರದ ಮೇಲೆ ಬೆಳ್ಳಗಿನ ಅಣಬೆಗಳ ಗುಂಪೊಂದಿತ್ತು: ಮೇಲೆ ಲೋಳೆ ಸವರಿದಂತೆ ಹೊಳಪು, ಮಕ್ಕಳು ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಕೆಳಗಿನಿಂದ ನೋಡಿದರೆ ಒಂದೊಂದು ಗೆರೆಯೂ ಎಣಿಸುವಷ್ಟು ಬೆಳಕು ಹಾಯುತ್ತಿತ್ತು. ಕಿತ್ತು ಸಾರು ಮಾಡೋಣ ಎಂದು ಯಾರೋ ಅಂದರು. ಎಪ್ಪಿಂಗ್‌ನಲ್ಲಿ ಅಣಬೆ ಕೀಳುವಂತಿಲ್ಲ, ನೆನಪಿಡಿ. ಬಿದ್ದ ಮರವನ್ನೂ ಎತ್ತುವುದಿಲ್ಲ. ಕೊಂಬಿನ ದುಂಬಿಯ ಮರಿಹುಳು ಕೊಳೆತ ಮರದೊಳಗೆ ಹಲವು ವರ್ಷ ಕಳೆದು, ಒಂದು ಬೇಸಿಗೆಯಲ್ಲಿ ಕೆಲವು ವಾರ ಮಾತ್ರ ಹಾರಾಡುತ್ತದೆ.

ಹಿಂದಿರುಗುವಾಗ ಪೊದೆಯ ಒಳಗಿಂದ ಏನೋ ಬೊಗಳಿತು. ನಾಯಿ ಎಂದು ಮಕ್ಕಳು ಓಡಿದರು. "ಕಾಡುಕುರಿ," ಎಂದರು ಅಮ್ಮ, ತಿರುಗಿಯೂ ನೋಡದೆ. ಅದು ಮಂಟ್‌ಜಾಕ್, ಕಳೆದ ಶತಮಾನದ ಆರಂಭದಲ್ಲಿ ಶ್ರೀಮಂತರ ತೋಟಕ್ಕೆಂದು ಚೀನಾದಿಂದ ತಂದು, ತಪ್ಪಿಸಿಕೊಂಡು ದೇಶವೆಲ್ಲ ಹರಡಿದ್ದು, ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ದಾಯಾದಿ. ಚಿಗುರು ತಿಂದು ಹಾಳು ಮಾಡುತ್ತದೆಂದು ಇಲ್ಲಿನವರಿಗೆ ಅದರ ಮೇಲೆ ಪ್ರೀತಿ ಅಷ್ಟಕ್ಕಷ್ಟೇ.

ಜಾಗ ಮುಗಿಯುತ್ತಿದೆ, ಸೂಚನೆಗಳು ಉಳಿದಿವೆ. ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಎಂದಿನ ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನ ಎರಡಕ್ಕೆ. ಎರಡು ಎಂದರೆ ಎರಡು, ಮೂರೂಕಾಲಲ್ಲ. ತಟ್ಟೆ ಲೋಟ ಮನೆಯಿಂದ ತನ್ನಿ. ಹೋಳಿಗೆ ಬೇಕಾದವರು ಮೊದಲೇ ಹೆಸರು ಕೊಡಿ. ಬೆಳಗ್ಗೆ ಎಂಟಕ್ಕೆ ತರಕಾರಿ ಹೆಚ್ಚಲು ಆರು ಜನ ಬೇಕು, ಇದುವರೆಗೆ ಹೆಸರು ಕೊಟ್ಟವರು ಇಬ್ಬರು, ಅವರಲ್ಲಿ ಒಬ್ಬಳು ನಾನು. ಕನ್ನಡ ತರಗತಿ ಶಾಲೆಯ ರಜೆ ಮುಗಿದ ಭಾನುವಾರದಿಂದ ಮತ್ತೆ ಶುರು. ಸದಸ್ಯತ್ವ ಶುಲ್ಕ ಕೊಡದವರ ಪಟ್ಟಿ ಖಜಾಂಚಿಯವರ ಬಳಿ ಇದೆ. ಅವರು ಸಭ್ಯರು, ಪ್ರಕಟಿಸುವುದಿಲ್ಲ. ಮುಂದಿನ ಕಾಡಿನ ಪ್ರವಾಸ ಏಪ್ರಿಲ್ ಕೊನೆಗೆ, ವಾನ್‌ಸ್ಟೆಡ್ ಪಾರ್ಕಿನ ಶಾಲೇ ವುಡ್‌ಗೆ. ಮರಗಳಲ್ಲಿ ಎಲೆ ತುಂಬಿ ನೆರಳು ಕವಿಯುವ ಮೊದಲು ಸಿಗುವ ಕೆಲವೇ ವಾರಗಳ ಬಿಸಿಲಿನಲ್ಲಿ ಅಲ್ಲಿ ನೆಲವೆಲ್ಲ ನೀಲಿ ಬ್ಲೂಬೆಲ್ ಹೂವು. ಜಗತ್ತಿನ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಈ ದೇಶದಲ್ಲೇ ಇವೆ. ತುಳಿದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಆದ್ದರಿಂದ ಫೋಟೋಗಾಗಿ ಸೀರೆಯುಟ್ಟು ಹೂವಿನ ನಡುವೆ ಕುಳಿತುಕೊಳ್ಳುವ ಯೋಜನೆಯಿದ್ದವರು ದಯವಿಟ್ಟು ದಾರಿಯ ಮೇಲೆಯೇ ನಿಲ್ಲಿ. ಗೆಡ್ಡೆ ಕೀಳುವುದು 1981ರ ಕಾಯ್ದೆಯ ಪ್ರಕಾರ ಅಪರಾಧ.

ಸಾಗರದ ಅಮ್ಮ ದೀಪಾವಳಿಗೆ ಮೊದಲೇ ಹೊರಡುತ್ತಿದ್ದಾರೆ, ಗೋಪೂಜೆಗೆ ಊರಿನಲ್ಲಿರಬೇಕಂತೆ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವರ ಮಗಳ ಕಾರಿನಲ್ಲಿ ಒಂದು ಸೀಟು ಖಾಲಿಯಿದೆ. ಅದೇ ದಿನ ಬೆಂಗಳೂರಿಗೆ ಹೊರಡುವವರಿದ್ದರೆ ತಿಳಿಸಿ, ಜೊತೆಗೊಬ್ಬರು ಕನ್ನಡ ಮಾತಾಡುವವರು ಇದ್ದರೆ ಅವರಿಗೂ ಧೈರ್ಯ.

ಕೊನೆಯದಾಗಿ, ಪುಟವಿನ್ಯಾಸ ಮಾಡುತ್ತಿದ್ದ ಗೆಳೆಯರು ಲೀಡ್ಸ್‌ಗೆ ವರ್ಗವಾಗಿ ಹೋಗಿದ್ದಾರೆ. ಅದನ್ನೂ ಈಗ ನಾನೇ ಮಾಡುತ್ತಿದ್ದೇನೆ. ಕಳೆದ ಸಂಚಿಕೆಯಲ್ಲಿ ಶ್ರದ್ಧಾಂಜಲಿಯ ಪಕ್ಕ ಐಸ್‌ಕ್ರೀಂ ಜಾಹೀರಾತು ಬಂದದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ಮುಂದೆ ಬನ್ನಿ, ಕೆಲಸ ಕಲಿಸಿಕೊಡುತ್ತೇನೆ. ಯುಗಾದಿ ಸಂಚಿಕೆಗೆ ಬರಹಗಳು ಫೆಬ್ರವರಿ ಕೊನೆಯೊಳಗೆ ತಲುಪಲಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳುಹಿಸಿ. ಹಳೆಯ ಫಾಂಟಿನಲ್ಲಿ ಬಂದ ಕವನವೊಂದು ಪರಿವರ್ತನೆಯಾಗುವಾಗ ಒತ್ತಕ್ಷರಗಳನ್ನೆಲ್ಲ ಕಳೆದುಕೊಂಡು ನನ್ನ ಮುಂದೆ ಕುಳಿತಿದೆ, ಅದನ್ನು ಇನ್ನೂ ಸರಿಪಡಿಸಬೇಕು.